ಶುಗರ್ ಇಳಿಸುವ ಮೊದಲು ಕಣ್ಣು ತೋರಿಸಿ

ವಿಡಿಯೋ ನೋಡಲು ಪುರುಸೊತ್ತಿಲ್ಲದವರಿಗಾಗಿ ಮಾತಿನ ಪೂರ್ತಿ ಬರಹ ಇಲ್ಲಿದೆ.

ನಾನು ದಾವಣಗೆರೆ ಕಡೆಯವಳು. ಪುಣೆಯಲ್ಲಿ ರೆಟಿನಾ ಡಾಕ್ಟರ್ ಆಗಿ ಕೆಲಸ ಮಾಡ್ತೀನಿ. ಅಂದರೆ ಕಣ್ಣಿನ ಹಿಂಭಾಗದ ಪರದೆಯ ಕಾಯಿಲೆಗಳನ್ನ ನೋಡೋದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಹಿಂಜವಾಡಿ, ಖರಾಡಿ ಕಡೆಯ ಐಟಿ ಕಂಪನಿಗಳಲ್ಲಿ ಇರುವ ಕನ್ನಡದವರು ಬಹಳ ಜನ. ಅವರ ಮನೆಗೆ ನಾಲ್ಕು ದಿನ ಇದ್ದು ಹೋಗೋಣ ಅಂತ ಊರಿಂದ ಬಂದ ಅಪ್ಪ ಅಮ್ಮಂದಿರೂ ಅಷ್ಟೇ ಜನ.

ಈಚೆಗೆ ಇವರೆಲ್ಲ ಕೇಳೋ ಪ್ರಶ್ನೆ ಒಂದೇ. "ಡಾಕ್ಟ್ರೇ, ಈ ಶುಗರ್ ಇಂಜೆಕ್ಷನ್ ತಗೊಂಡ್ರೆ ಕಣ್ಣು ಹೋಗತ್ತಂತೆ, ನಿಜಾನಾ?"

ಅವರು ಕೇಳ್ತಿರೋದು ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅನ್ನೋ ವಾರಕ್ಕೊಂದು ಸಲ ಚುಚ್ಚಿಕೊಳ್ಳೋ ಔಷಧಿಗಳ ಬಗ್ಗೆ. 2025ರ ಮಾರ್ಚ್‌ನಲ್ಲಿ ಮೌಂಜಾರೋ ನಮ್ಮ ದೇಶದ ಮಾರುಕಟ್ಟೆಗೆ ಬಂತು, ಅದೇ ವರ್ಷ ಜೂನ್‌ನಲ್ಲಿ ವೆಗೋವಿ ಬಂತು. ಈಗ ಆಫೀಸ್ ಕ್ಯಾಂಟೀನಿನಲ್ಲಿ ಇದರದೇ ಮಾತು. ಕೆಲವರು ಶುಗರ್‌ಗೆ ತಗೋತಾರೆ, ಕೆಲವರು ತೂಕ ಇಳಿಸೋಕೆ ತಗೋತಾರೆ. ಒಂದು ಕಡೆ "ಮೂರು ತಿಂಗಳಲ್ಲಿ ಹತ್ತು ಕೆಜಿ ಇಳಿದೆ" ಅನ್ನೋರು, ಇನ್ನೊಂದು ಕಡೆ "ಅದು ತಗೊಂಡ್ರೆ ಕುರುಡಾಗ್ತಾರೆ" ಅನ್ನೋ ವಾಟ್ಸಾಪ್ ಮೆಸೇಜು. ಎರಡರ ಮಧ್ಯೆ ಸಿಕ್ಕವರು ನನ್ನ ಹತ್ತಿರ ಬರ್ತಾರೆ.

ಉತ್ತರ ಮೊದಲೇ ಹೇಳಿಬಿಡ್ತೀನಿ, ಅರ್ಧಕ್ಕೆ ಎದ್ದು ಹೋಗೋರಿಗೂ ಅಷ್ಟು ಸಿಗಲಿ. ಡಯಾಬಿಟಿಸ್‌ನಿಂದ ಕಣ್ಣು ಹಾಳಾಗೋ ಅಪಾಯ ಇದೆಯಲ್ಲ, ಅದರ ಮುಂದೆ ಔಷಧಿಯಿಂದ ಆಗೋ ಅಪಾಯ ಬಹಳ ಚಿಕ್ಕದು. ಆದರೆ ಅದು ಸೊನ್ನೆ ಅಲ್ಲ. ಅದನ್ನ ತಪ್ಪಿಸೋಕೆ ಬೇಕಾಗಿರೋದು ಒಂದು ಪರೀಕ್ಷೆ. ಶುಗರನ್ನ ಜೋರಾಗಿ ಇಳಿಸೋ ಔಷಧಿ ಶುರು ಮಾಡುವ ಮೊದಲು, ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗ ನೋಡಿಸಿಕೊಳ್ಳೋದು. ಇದು ಯಾಕೆ ಬೇಕು ಅನ್ನೋದೇ ಇವತ್ತಿನ ಮಾತು.

ಮೊದಲು ಕಾಯಿಲೆ ಏನು ಅಂತ ನೋಡೋಣ. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅನ್ನೋ ತೆಳು ಪರದೆ ಇದೆ. ನಾವು ನೋಡೋ ಚಿತ್ರ ಬೀಳೋದು ಅದರ ಮೇಲೆ. ಅದಕ್ಕೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಆಹಾರ, ಆಮ್ಲಜನಕ ತಲುಪಿಸ್ತವೆ. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದರೆ ಈ ನಾಳಗಳ ಗೋಡೆ ಸಡಿಲ ಆಗತ್ತೆ. ಕೆಲವು ಸೋರ್ತವೆ, ಕೆಲವು ಮುಚ್ಚಿಹೋಗ್ತವೆ. ಮುಚ್ಚಿಹೋದ ಜಾಗಕ್ಕೆ ಆಮ್ಲಜನಕ ಸಾಲದೆ ಅಲ್ಲಿಂದ "ನನಗೆ ಹೊಸ ನಾಳ ಬೇಕು" ಅನ್ನೋ ರಾಸಾಯನಿಕ ಸಂದೇಶ ಹೊರಡತ್ತೆ. ಆಗ ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವು ತೀರಾ ದುರ್ಬಲ, ಸುಮ್ಮನೆ ಒಡೆದು ಕಣ್ಣೊಳಗೆ ರಕ್ತ ಸುರಿಸ್ತವೆ. ಇದಕ್ಕೆಲ್ಲ ಸೇರಿ ಡಯಾಬಿಟಿಕ್ ರೆಟಿನೋಪತಿ ಅಂತ ಹೆಸರು.

ಇದರ ದೊಡ್ಡ ಮೋಸ ಏನಂದ್ರೆ, ಬಹಳ ದಿನ ಏನೂ ಗೊತ್ತಾಗಲ್ಲ. ನೋವಿಲ್ಲ, ಕೆಂಪಿಲ್ಲ, ಕಣ್ಣೀರು ಸುರಿಯಲ್ಲ. ನಡುಭಾಗ ಚೆನ್ನಾಗಿರೋವರೆಗೆ ಚಾರ್ಟಿನ ಕೊನೇ ಸಾಲೂ ಓದ್ತೀರ. ಐಸಿಎಂಆರ್‌ನವರ 2023ರ ವರದಿ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಡಯಾಬಿಟಿಸ್ ಇದೆ. ಅವರಲ್ಲಿ ಕಣ್ಣಿನ ಹಿಂಭಾಗವನ್ನ ಒಮ್ಮೆಯೂ ತೋರಿಸದವರನ್ನ ನಾನು ದಿನಾ ನೋಡ್ತೀನಿ.

ಈಗ ಔಷಧಿಗೆ ಬರೋಣ. ಶುಗರ್ ಜಾಸ್ತಿ ಆಗಿ ನಾಳ ಹಾಳಾಗತ್ತೆ ಅಂದಮೇಲೆ ಶುಗರ್ ಇಳಿದರೆ ಒಳ್ಳೇದೇ ಆಗಬೇಕಲ್ಲ? ಆಗತ್ತೆ. ಆದರೆ ಶುರುವಿನ ಕೆಲವು ತಿಂಗಳು ಕೆಲವರಲ್ಲಿ ಉಲ್ಟಾ ಆಗತ್ತೆ. ಇದು ಹೊಸ ಇಂಜೆಕ್ಷನ್ ಬಂದಮೇಲೆ ಕಂಡುಬಂದ ವಿಷಯ ಅಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಡಯಾಬಿಟಿಸ್ ಇರುವ 1,441 ಜನರ ಮೇಲೆ ಡಿಸಿಸಿಟಿ ಅನ್ನೋ ದೊಡ್ಡ ಅಧ್ಯಯನ ನಡೀತು, 1993ರಲ್ಲಿ ಅದರ ಫಲಿತಾಂಶ ಬಂತು. ಅರ್ಧ ಜನಕ್ಕೆ ಇನ್ಸುಲಿನ್ ಕೊಟ್ಟು ಶುಗರನ್ನ ಬಿಗಿಯಾಗಿ ಹಿಡಿದರು, ಉಳಿದವರಿಗೆ ಆ ಕಾಲದ ಮಾಮೂಲಿ ಚಿಕಿತ್ಸೆ. ಮೊದಲ ವರ್ಷದಲ್ಲಿ ಬಿಗಿ ಚಿಕಿತ್ಸೆಯವರಲ್ಲೇ ನೂರಕ್ಕೆ ಸುಮಾರು 13 ಜನಕ್ಕೆ ರೆಟಿನಾ ಹದಗೆಟ್ಟಿತು, ಮಾಮೂಲಿ ಚಿಕಿತ್ಸೆಯವರಲ್ಲಿ ಹದಗೆಟ್ಟಿದ್ದು ನೂರಕ್ಕೆ 8ಕ್ಕಿಂತ ಕಮ್ಮಿ ಜನಕ್ಕೆ.

ಇಲ್ಲಿಗೇ ನಿಲ್ಲಿಸಿದರೆ ಇದು ವಾಟ್ಸಾಪ್ ಮೆಸೇಜ್ ಆಗತ್ತೆ. ಮುಂದಿನದನ್ನೂ ಕೇಳಿ. ವರ್ಷಗಳು ಕಳೆದ ಹಾಗೆ ಲೆಕ್ಕ ಪೂರ್ತಿ ತಿರುಗಿತು. ಶುರುವಿನಲ್ಲಿ ಕಣ್ಣು ಚೆನ್ನಾಗಿದ್ದವರನ್ನ ತಗೊಂಡರೆ, ಬಿಗಿ ಚಿಕಿತ್ಸೆಯಿಂದ ರೆಟಿನೋಪತಿ ಬರುವ ಸಾಧ್ಯತೆ 76 ಶೇಕಡಾ ಕಮ್ಮಿ ಆಯ್ತು. ಮೊದಲೇ ಸ್ವಲ್ಪ ಇದ್ದವರಲ್ಲಿ ಅದು ಬೆಳೆಯುವ ಸಾಧ್ಯತೆ 54 ಶೇಕಡಾ ಕಮ್ಮಿ. ಮೊದಲ ವರ್ಷ ಹದಗೆಟ್ಟವರು ಕೂಡ ಕೊನೆಗೆ ಮಾಮೂಲಿ ಚಿಕಿತ್ಸೆಯವರಿಗಿಂತ ಹಿಂದೆ ಬೀಳಲಿಲ್ಲ. ಅಂದರೆ ಶುಗರ್ ಇಳಿಸೋದು ಸರಿಯಾದ ದಾರಿಯೇ. ಆ ದಾರಿಯಲ್ಲಿ ಶುರುವಿಗೇ ಒಂದು ಹಂಪ್ ಇದೆ, ಅಷ್ಟೇ.

ಹಂಪ್ ಯಾಕೆ? ವಿಜ್ಞಾನಿಗಳು ಕೊಡೋ ಒಂದು ವಿವರಣೆಯನ್ನ ನಮ್ಮೂರ ಭಾಷೆಯಲ್ಲಿ ಹೇಳ್ತೀನಿ. ದಾವಣಗೆರೆ ಕಡೆಯವರಿಗೆ ಭದ್ರಾ ನಾಲೆ ಗೊತ್ತಿರತ್ತೆ. ನಾಲೆಯಲ್ಲಿ ನೀರು ಜೋರಾಗಿ ಬಂದಾಗ ಎಲ್ಲರ ಗದ್ದೆಗೂ ಹೇಗೋ ತಲುಪತ್ತೆ. ಮೇಲೆ ನೀರು ಕಮ್ಮಿ ಬಿಟ್ಟ ತಕ್ಷಣ ಮೊದಲು ಒಣಗೋದು ಯಾರ ಗದ್ದೆ? ಕೊನೇ ಭಾಗದ ರೈತರದ್ದು. ಅದರಲ್ಲೂ ಹೂಳು ತುಂಬಿದ ತೂಬಿನ ಕೆಳಗಿರೋರದ್ದು. ರೆಟಿನಾ ಕಥೆಯೂ ಹೀಗೇ. ಶುಗರ್ ಹೆಚ್ಚಿದ್ದಾಗ ರೆಟಿನಾದಲ್ಲಿ ರಕ್ತದ ಹರಿವು ಜಾಸ್ತಿ ಇರತ್ತೆ. ಶುಗರ್ ತಟ್ಟನೆ ಇಳಿದಾಗ ಹರಿವೂ ತಟ್ಟನೆ ಇಳಿಯತ್ತೆ. ನಾಳಗಳು ಚೆನ್ನಾಗಿರೋ ಕಣ್ಣಿಗೆ ಇದರಿಂದ ಏನೂ ಆಗಲ್ಲ. ಆಗಲೇ ಅರ್ಧ ಮುಚ್ಚಿಹೋದ ನಾಳಗಳಿರೋ ಕಣ್ಣಿನಲ್ಲಿ ಆ ಜಾಗಕ್ಕೆ ಆಮ್ಲಜನಕ ಇನ್ನೂ ಕಮ್ಮಿ ಆಗಿ, "ಹೊಸ ನಾಳ ಬೇಕು" ಅನ್ನೋ ಸಂದೇಶ ಜೋರಾಗತ್ತೆ.

ಹಾಗಾಗಿ ಅಪಾಯ ಇರೋದು ಎರಡು ಸೇರಿದಾಗ. ಒಂದು, ರೆಟಿನೋಪತಿ ಆಗಲೇ ಇರಬೇಕು. ಎರಡು, ಶುಗರ್ ಬಹಳ ಮೇಲಿಂದ ಬಹಳ ಬೇಗ ಇಳಿಯಬೇಕು. ಅದನ್ನ ಇಳಿಸಿದ್ದು ಇನ್ಸುಲಿನ್ನೋ, ಹೊಸ ಇಂಜೆಕ್ಷನ್ನೋ, ಕಟ್ಟುನಿಟ್ಟಿನ ಡಯಟ್ಟೋ, ಬೇರಿಯಾಟ್ರಿಕ್ ಸರ್ಜರಿಯೋ ಅನ್ನೋದು ಆಮೇಲಿನ ಮಾತು.

ಸೆಮಾಗ್ಲುಟೈಡ್ ವಿಷಯದಲ್ಲೂ ಇದೇ ಕಂಡುಬಂತು. 2016ರಲ್ಲಿ ಸಸ್ಟೇನ್-6 ಅನ್ನೋ ಅಧ್ಯಯನ ಪ್ರಕಟ ಆಯ್ತು. ಟೈಪ್ 2 ಡಯಾಬಿಟಿಸ್ ಇರುವ 3,297 ಜನ, ಎರಡು ವರ್ಷ. ಸೆಮಾಗ್ಲುಟೈಡ್ ತಗೊಂಡವರಲ್ಲಿ 3 ಶೇಕಡಾ ಜನಕ್ಕೆ ರೆಟಿನಾ ತೊಂದರೆ ದೊಡ್ಡದಾಯ್ತು, ತಗೊಳ್ಳದವರಲ್ಲಿ 1.8 ಶೇಕಡಾ. ಇಷ್ಟು ಕೇಳಿದರೆ ಹೆದರಿಕೆ ಆಗತ್ತೆ. ಆದರೆ ಎರಡೂ ಗುಂಪು ಸೇರಿ ತೊಂದರೆ ಆದವರು 79 ಜನ, ಅವರಲ್ಲಿ 66 ಜನಕ್ಕೆ ಅಧ್ಯಯನ ಶುರು ಆಗುವ ಮೊದಲೇ ರೆಟಿನೋಪತಿ ಇತ್ತು. ಟಿರ್ಜೆಪಟೈಡ್ ಜೊತೆ ಬರೋ ಕಂಪನಿಯ ಚೀಟಿಯಲ್ಲೂ ಮೊದಲೇ ರೆಟಿನೋಪತಿ ಇದ್ದವರ ಕಣ್ಣಿನ ಮೇಲೆ ನಿಗಾ ಇಡಿ ಅಂತ ಬರೆದಿರ್ತಾರೆ. ನಾವು ಆ ಚೀಟಿಯನ್ನ ಡಬ್ಬದ ಜೊತೆಗೇ ಬಿಸಾಡ್ತೀವಿ.

ನನ್ನ ಹತ್ತಿರ ಬಂದ ಒಬ್ಬರ ವಿಷಯ ಹೇಳ್ತೀನಿ, ಗುರುತು ಸಿಗದ ಹಾಗೆ. ವಯಸ್ಸು 43, ಐಟಿ ಕಂಪನಿಯಲ್ಲಿ ಮ್ಯಾನೇಜರ್. ಒಂಬತ್ತು ವರ್ಷದಿಂದ ಶುಗರ್. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ, 11ರ ಮೇಲಿತ್ತು. ರಾತ್ರಿ ಕ್ಲೈಂಟ್ ಕಾಲ್, ಊಟ ಹೊತ್ತಲ್ಲದ ಹೊತ್ತಲ್ಲಿ, ಮಾತ್ರೆ ನೆನಪಾದಾಗ. ಒಂದು ದಿನ ಮಗಳು ಏನೋ ಅಂದಳಂತೆ, ಛಲ ಬಂತು. ಡಾಕ್ಟರ್ ಹತ್ತಿರ ಹೋಗಿ ವಾರದ ಇಂಜೆಕ್ಷನ್ ಶುರು ಮಾಡಿದರು, ಜೊತೆಗೆ ಇನ್ಸುಲಿನ್, ಅನ್ನ ಬಿಟ್ಟರು, ದಿನಾ ನಡೆದರು. ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ 6.9. ಆಫೀಸಿನಲ್ಲೆಲ್ಲ ಶಹಬ್ಬಾಸ್.

ಐದನೇ ತಿಂಗಳು ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದಾಗ ಎಡಗಣ್ಣಿನ ಮುಂದೆ ಕಪ್ಪು ದಾರ ತೇಲಿದ ಹಾಗೆ ಕಂಡಿತು. ಸ್ಕ್ರೀನ್ ಒರೆಸಿದರು, ಕನ್ನಡಕ ಒರೆಸಿದರು. ಸಂಜೆ ಹೊತ್ತಿಗೆ ಜೇಡರ ಬಲೆ. ಮಾರನೇ ದಿನ ನನ್ನ ಹತ್ತಿರ ಬಂದಾಗ ಎಡಗಣ್ಣಿನಲ್ಲಿ ರಕ್ತಸ್ರಾವ ಆಗಿತ್ತು. ಬಲಗಣ್ಣಿನಲ್ಲಿ ಹೊಸ ನಾಳಗಳು ಬೆಳೆದು ಒಡೆಯೋಕೆ ಕಾದಿದ್ದವು. ಅವರಿಗೆ ಆ ಕಣ್ಣಿನಲ್ಲಿ ಯಾವ ತೊಂದರೆಯೂ ಗೊತ್ತಾಗ್ತಿರಲಿಲ್ಲ.

ಅವರು ಕೇಳಿದ ಮೊದಲ ಮಾತು, "ಹಾಗಾದ್ರೆ ಶುಗರ್ ಇಳಿಸಿದ್ದೇ ತಪ್ಪಾಯ್ತಾ ಡಾಕ್ಟ್ರೇ?"

ಅಲ್ಲ. ಬರೀ ನಾಲ್ಕು ತಿಂಗಳಲ್ಲಿ ಆರೋಗ್ಯವಾಗಿದ್ದ ಕಣ್ಣು ಇಷ್ಟು ಕೆಡಲ್ಲ. ಒಂಬತ್ತು ವರ್ಷದ ಕಾಯಿಲೆ ಒಳಗೆ ಕೂತಿತ್ತು, ಯಾರೂ ನೋಡಿರಲಿಲ್ಲ. ಶುಗರ್ ಇಳಿಸದೇ ಇದ್ದಿದ್ದರೂ ಆ ಕಣ್ಣು ಹದಗೆಡ್ತಾ ಹೋಗ್ತಿತ್ತು, ಜೊತೆಗೆ ಕಿಡ್ನಿಯೂ ಹೋಗ್ತಿತ್ತು. ಇಂಜೆಕ್ಷನ್ ಶುರು ಮಾಡುವ ಮೊದಲು ಒಬ್ಬರು ಕಣ್ಣಿನ ಹಿಂಭಾಗ ನೋಡಿದ್ದರೆ, ಮೊದಲು ಲೇಸರ್ ಮಾಡಿ, ಆಮೇಲೆ ಔಷಧಿಯ ಡೋಸನ್ನ ನಿಧಾನವಾಗಿ ಏರಿಸಬಹುದಿತ್ತು. ಬದಲಾಗ್ತಿದ್ದದ್ದು ಅಷ್ಟೇ, ಆದರೆ ಅದು ಬಹಳ ದೊಡ್ಡದು.

ಎರಡೂ ಕಣ್ಣಿಗೆ ಲೇಸರ್ ಆಯ್ತು, ಎಡಗಣ್ಣಿನೊಳಗೆ ಕೆಲವು ಇಂಜೆಕ್ಷನ್ ಕೊಟ್ವಿ. ರಕ್ತ ಕರಗೋಕೆ ಎರಡು ತಿಂಗಳು ಹಿಡೀತು. ಈಗ ಕೆಲಸ ಮಾಡ್ತಾರೆ, ಓದ್ತಾರೆ. ರಾತ್ರಿ ಕಾರು ಓಡಿಸೋದು ಬಿಟ್ಟಿದ್ದಾರೆ, ಯಾಕಂದ್ರೆ ಅಷ್ಟೊಂದು ಲೇಸರ್ ಆದಮೇಲೆ ಕತ್ತಲಲ್ಲಿ, ಅಂಚಿನಲ್ಲಿ ಕಾಣೋದು ಸ್ವಲ್ಪ ಕಮ್ಮಿ ಆಗತ್ತೆ. ದೀಪಾವಳಿಗೆ ಊರಿಗೆ ಈಗ ಬಸ್ಸಿನಲ್ಲಿ ಹೋಗ್ತಾರೆ.

ಇನ್ನೊಂದು ವಿಷಯ, ಪೇಪರಿನಲ್ಲಿ "ಕಣ್ಣಿನ ಸ್ಟ್ರೋಕ್" ಅಂತ ಬಂದದ್ದು. ಇದು ರೆಟಿನೋಪತಿ ಅಲ್ಲ, ಬೇರೆಯೇ ಕಾಯಿಲೆ. ಕಣ್ಣಿಂದ ಮೆದುಳಿಗೆ ಹೋಗೋ ನರಕ್ಕೆ ರಕ್ತ ಸಾಲದೆ, ಒಂದು ಕಣ್ಣಿನ ದೃಷ್ಟಿ ನೋವಿಲ್ಲದೆ ತಟ್ಟನೆ ಕುಂದೋದು. ಬೆಳಗ್ಗೆ ಎದ್ದಾಗ ಗೊತ್ತಾಗೋದು ಸಾಮಾನ್ಯ. 2024ರ ಜುಲೈನಲ್ಲಿ ಅಮೆರಿಕದ ಬಾಸ್ಟನ್‌ನ ಒಂದು ಕಣ್ಣಿನ ನರರೋಗ ವಿಭಾಗದವರು ತಮ್ಮ 16,827 ರೋಗಿಗಳ ದಾಖಲೆ ತೆಗೆದು ನೋಡಿದರು. ಅವರಲ್ಲಿ ಡಯಾಬಿಟಿಸ್ ಇದ್ದು ಸೆಮಾಗ್ಲುಟೈಡ್ ತಗೊಂಡವರಲ್ಲಿ ಇದು ನಾಲ್ಕು ಪಟ್ಟಿಗಿಂತ ಹೆಚ್ಚು ಕಂಡಿತ್ತು. ಎಲ್ಲ ಕಡೆ ಸುದ್ದಿ ಆಗಿದ್ದು ಈ "ನಾಲ್ಕು ಪಟ್ಟು".

ಆದರೆ ಅಲ್ಲಿಗೆ ಬರೋರು ಮೊದಲೇ ಕಣ್ಣಿನ ನರದ ಅನುಮಾನ ಇದ್ದು ಬಂದವರು. ಅಲ್ಲಿನ ಲೆಕ್ಕವನ್ನ ಊರಿಗೆಲ್ಲ ಹಚ್ಚೋಕಾಗಲ್ಲ. ಆಮೇಲೆ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆಯವರು ಸಿಕ್ಕ ಎಲ್ಲ ಮಾಹಿತಿ ಒಟ್ಟುಮಾಡಿ ನೋಡಿ, 2025ರ ಜೂನ್‌ನಲ್ಲಿ ತೀರ್ಮಾನ ಹೇಳಿದರು. ಸೆಮಾಗ್ಲುಟೈಡ್ ತಗೊಳ್ಳುವ ಡಯಾಬಿಟಿಸ್‌ನವರಲ್ಲಿ ಈ ಅಪಾಯ ಸುಮಾರು ಎರಡು ಪಟ್ಟು. ಆದರೂ ಇದು ಅತಿ ಅಪರೂಪ, ತಗೊಳ್ಳುವ 10,000 ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ. "ಎರಡು ಪಟ್ಟು", "ಹತ್ತು ಸಾವಿರಕ್ಕೆ ಒಬ್ಬರು", ಎರಡೂ ನಿಜ. ಡೇಟಾ ಜೊತೆ ಕೆಲಸ ಮಾಡೋರು ನೀವು, ಶೇಕಡಾವಾರು ಕೇಳಿದಾಗ "ಯಾವುದರ ಶೇಕಡಾ" ಅಂತ ಕೇಳೋದು ನಿಮಗೆ ಹೇಳಿಕೊಡಬೇಕಿಲ್ಲ.

ಅಪರೂಪ ಅಂತ ಮರೆಯೋ ಹಾಗಿಲ್ಲ, ಯಾಕಂದ್ರೆ ಈ ಸ್ಟ್ರೋಕ್ ಆದಮೇಲೆ ಹೋದ ದೃಷ್ಟಿ ತಂದುಕೊಡೋ ಖಚಿತ ಚಿಕಿತ್ಸೆ ಇಲ್ಲ. ಮೊದಲೇ ಒಂದು ಕಣ್ಣಿಗೆ ಹೀಗೆ ಆಗಿದ್ದರೆ, ಇಂಜೆಕ್ಷನ್ ಬರೆಯೋ ಡಾಕ್ಟರಿಗೆ ಅದನ್ನ ಮೊದಲು ಹೇಳಿ. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟೋದು ಇದ್ದರೂ ಹೇಳಿ, ಅದೂ ಈ ಕಾಯಿಲೆಯ ಅಪಾಯ ಹೆಚ್ಚಿಸೋ ಕಾರಣ. ಇಂಜೆಕ್ಷನ್ ತಗೊಳ್ತಿರುವಾಗ ಒಂದು ಕಣ್ಣು ತಟ್ಟನೆ ಮಂಕಾದರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ. ಮುಂದಿನ ಡೋಸ್ ಚುಚ್ಚಿಕೊಳ್ಳುವ ಮೊದಲು ಡಾಕ್ಟರನ್ನ ಕೇಳಿ. ಈ ಕಾಯಿಲೆಯೇ ಅಂತ ಖಚಿತ ಆದರೆ ಸೆಮಾಗ್ಲುಟೈಡ್ ನಿಲ್ಲಿಸಬೇಕು ಅಂತಲೇ ಯುರೋಪಿನವರು ಹೇಳಿರೋದು.

ಹೊಸ ಇಂಜೆಕ್ಷನ್ ಸುದ್ದಿಯಲ್ಲಿ ಹಳೇ ಮಾತ್ರೆ ಮರೀಬೇಡಿ. ಪಯೋಗ್ಲಿಟಾಝೋನ್ ಅಂತ ಒಂದಿದೆ. 2013ರಲ್ಲಿ ನಮ್ಮ ಸರ್ಕಾರ ಇದನ್ನ ಕೆಲವು ವಾರ ತಡೆಹಿಡಿದು, ಎಚ್ಚರಿಕೆ ಬರೆಯಬೇಕು ಅನ್ನೋ ಷರತ್ತಿನ ಮೇಲೆ ಮತ್ತೆ ಬಿಟ್ಟಿತು. ಆ ಗಲಾಟೆ ಮೂತ್ರಕೋಶದ ಕ್ಯಾನ್ಸರ್ ಅನುಮಾನದ್ದು, ಕಣ್ಣಿನದ್ದಲ್ಲ. ಕಣ್ಣಿನ ವಿಷಯ ಏನಂದ್ರೆ, ಈ ಮಾತ್ರೆ ಕೆಲವರ ಮೈಯಲ್ಲಿ ನೀರು ನಿಲ್ಲಿಸತ್ತೆ. ಪಾದ ಊದತ್ತೆ, ತೂಕ ಏರತ್ತೆ. ಅಪರೂಪಕ್ಕೆ ರೆಟಿನಾದ ನಡುಭಾಗದಲ್ಲೂ ನೀರು ತುಂಬಿ ಅಕ್ಷರ ಮಸುಕಾಗತ್ತೆ. ಅಷ್ಟೊತ್ತಿಗೆ ಕಿಡ್ನಿ ತೊಂದರೆಯೋ ಹೃದಯದ ತೊಂದರೆಯೋ ಇದ್ದರೆ ಇನ್ನೂ ಜಾಸ್ತಿ. ಇದು ಬಹಳ ಸಲ ಒಂಟಿ ಮಾತ್ರೆಯಾಗಿ ಬರಲ್ಲ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆ ಮೂರೂ ಸೇರಿದ ಒಂದೇ ಮಾತ್ರೆಯಾಗಿ ಬರತ್ತೆ. ಹಾಗಾಗಿ ಅಪ್ಪ ಅಮ್ಮನಿಗೆ ಗೊತ್ತಿರಲ್ಲ. ಮಾತ್ರೆಯ ದೊಡ್ಡ ಹೆಸರು ನೋಡಿ ಊಹಿಸಬೇಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನ ಓದಿ. ಪಾದ ಊತ ಮತ್ತು ಓದೋಕೆ ಕಷ್ಟ, ಎರಡೂ ಒಟ್ಟಿಗೆ ಬಂದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಇನ್ನು ಹೆದರಬೇಕಿಲ್ಲದ ಒಂದು ತೊಂದರೆ. ಶುಗರ್ ಏರಿಳಿದಾಗ ಕಣ್ಣೊಳಗಿನ ಲೆನ್ಸ್ ಸ್ವಲ್ಪ ಆಕಾರ ಬದಲಿಸತ್ತೆ, ಪವರ್ ಬದಲಾಗತ್ತೆ. ಔಷಧಿ ಶುರು ಮಾಡಿದ ಎರಡನೇ ವಾರ "ಲ್ಯಾಪ್‌ಟಾಪ್ ಅಕ್ಷರ ಕಾಣ್ತಿಲ್ಲ" ಅಂತ ಗಾಬರಿಯಾಗಿ ಬರೋರಿದ್ದಾರೆ. ಪರೀಕ್ಷೆ ಮಾಡಿದರೆ ರೆಟಿನಾ ಚೆನ್ನಾಗಿರತ್ತೆ. ಐದಾರು ವಾರದಲ್ಲಿ ತಾನೇ ಸರಿಹೋಗತ್ತೆ. ಅಷ್ಟರಲ್ಲಿ ಅವಸರಕ್ಕೆ ಬಿದ್ದು ಹೊಸ ಕನ್ನಡಕ ಮಾಡಿಸಿದರೆ ಆ ದುಡ್ಡು ದಂಡ. ಮೊದಲು ಕಣ್ಣು ತೋರಿಸಿ, ಕನ್ನಡಕ ಆಮೇಲೆ.

ಈಗ ಇದರ ಇನ್ನೊಂದು ಮುಖ. ನನಗೆ ಹೆಚ್ಚು ಸಂಕಟ ಆಗೋದು ಔಷಧಿ ತಗೊಂಡು ಕಣ್ಣು ಕೆಟ್ಟವರನ್ನ ನೋಡಿದಾಗ ಅಲ್ಲ. ಹೆದರಿ ಔಷಧಿ ಬಿಟ್ಟು ಕಣ್ಣು ಕೆಡಿಸಿಕೊಂಡವರನ್ನ ನೋಡಿದಾಗ. ಅವರ ಸಂಖ್ಯೆ ಬಹಳ ದೊಡ್ಡದು.

ಗದಗ ಕಡೆಯ ಒಬ್ಬರು ಅಮ್ಮ, 61 ವಯಸ್ಸು, ಮಗನ ಮನೆಗೆ ಪುಣೆಗೆ ಬಂದವರು. ಆರು ವರ್ಷದ ಹಿಂದೆಯೇ ಊರಿನ ಡಾಕ್ಟರ್ ಇನ್ಸುಲಿನ್ ಬೇಕು ಅಂದಿದ್ದರು. ಇವರು ಒಪ್ಪಲಿಲ್ಲ. "ನಮ್ಮ ಓಣ್ಯಾಗ ಒಬ್ಬಾಕಿ ಸೂಜಿ ಹಚ್ಚಿದ ವರ್ಷಕ್ಕ ಕಣ್ಣು ಹೋತ್ರೀ" ಅಂದರು. ನಾನು ಆ ಮಾತನ್ನ ಸುಳ್ಳು ಅನ್ನಲಿಲ್ಲ. ಅವರು ಕಂಡದ್ದು ನಿಜ ಇರಬಹುದು. ನಮ್ಮಲ್ಲಿ ಇನ್ಸುಲಿನ್ ಯಾವಾಗ ಶುರು ಮಾಡ್ತಾರೆ? ಹತ್ತು ಹದಿನೈದು ವರ್ಷ ಮಾತ್ರೆ, ಕಷಾಯ, ಮೆಂತ್ಯ ಎಲ್ಲ ಆಗಿ, ಬೇರೆ ದಾರಿ ಇಲ್ಲ ಅಂದಾಗ. ಅಷ್ಟೊತ್ತಿಗೆ ರೆಟಿನಾ ಒಳಗೇ ಕೆಟ್ಟಿರತ್ತೆ. ಆಗ ಇನ್ಸುಲಿನ್ ಕೊಟ್ಟು ಶುಗರ್ ತಟ್ಟನೆ ಇಳಿದರೆ, ಆಗಲೇ ಹೇಳಿದ ಆ ಹಂಪ್ ಬರತ್ತೆ. ಓಣಿಯವರಿಗೆ ಕಾಣೋದು ಒಂದೇ, ಮೊದಲು ಸೂಜಿ, ಆಮೇಲೆ ಕಣ್ಣು ಹೋಯ್ತು. ಹತ್ತು ವರ್ಷದ ಕಾಯಿಲೆ ಯಾರ ಕಣ್ಣಿಗೂ ಕಾಣಲ್ಲ.

ಈ ಅಮ್ಮ ಇನ್ಸುಲಿನ್ ಬೇಡ ಅಂದರು, ಕಣ್ಣು ಉಳೀಲಿಲ್ಲ. ನನ್ನ ಹತ್ತಿರ ಬಂದಾಗ ಒಂದು ಕಣ್ಣಿನಲ್ಲಿ ರೆಟಿನಾ ಎಳೆದು ಕಿತ್ತುಬಂದಿತ್ತು. ಅವರು ಬಂದದ್ದು "ಪೊರೆ ತಗೀಸಿಕೊಂಡು ಹೋಗೋಣ" ಅಂತ. ನಮ್ಮ ಕಡೆ ಹಿರಿಯರ ಮನಸ್ಸಿನಲ್ಲಿ ಕಣ್ಣಿನ ಡಾಕ್ಟರ್ ಅಂದರೆ ಇವತ್ತಿಗೂ ಎಂ.ಸಿ. ಮೋದಿಯವರು. ಊರೂರಿಗೆ ಹೋಗಿ ಶಿಬಿರ ಮಾಡಿ ಲಕ್ಷಾಂತರ ಜನರ ಪೊರೆ ತೆಗೆದು ದೃಷ್ಟಿ ಕೊಟ್ಟವರು. ಆ ಪುಣ್ಯಾತ್ಮರ ಕೆಲಸದಿಂದ ನಮ್ಮ ಜನಕ್ಕೆ ಒಂದು ನಂಬಿಕೆ ಬಂತು, ಕಣ್ಣು ಮಂಜಾದರೆ ಮಾಗಲಿ, ಆಮೇಲೆ ತೆಗೆಸಿದರೆ ಮತ್ತೆ ಕಾಣತ್ತೆ ಅಂತ. ಪೊರೆ ವಿಷಯದಲ್ಲಿ ಅದು ನಿಜ. ರೆಟಿನಾ ವಿಷಯದಲ್ಲಿ ಕಾಯೋದೇ ಕೆಡುಕು. ಹೋದದ್ದರಲ್ಲಿ ಬಹುಪಾಲು ವಾಪಸ್ ಬರಲ್ಲ, ಇರೋದನ್ನ ಉಳಿಸೋಕಷ್ಟೇ ನಾವಿರೋದು.

ಆ ದಿನ ಇನ್ನೊಂದು ನಡೀತು, ಅದು ನಿಮಗೆಲ್ಲ ಉಪಯೋಗಕ್ಕೆ ಬರತ್ತೆ. ಮಗ ಅಮ್ಮನನ್ನ ಮೊದಲು ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿದ್ದ. ಅಮ್ಮ ಕನ್ನಡದಲ್ಲಿ ಹೇಳಿದ್ದು, "ಕಣ್ಣ ಮುಂದ ನೊಣ ಹಾರಿದಂಗ ಆಗತೈತಿ, ಬಾಗಲಾ ಸೊಟ್ಟ ಕಾಣತೈತಿ." ಮಗ ಹಿಂದಿಯಲ್ಲಿ ಹೇಳಿದ್ದು "ಧುಂಧಲಾ ದಿಖತಾ ಹೈ." ಮಂಜು ಕಾಣತ್ತೆ, ಅಷ್ಟೇ. ಅಲ್ಲಿ ಪೊರೆ ಅಂತ ಬರೆದುಕೊಟ್ಟರು.

ನಮ್ಮ ಅಮ್ಮಂದಿರ ಮಾತಿನಲ್ಲಿ ರೋಗದ ಗುರುತು ಇರತ್ತೆ, ಅದನ್ನ ಕಳೆಯಬೇಡಿ. "ಮಂಜು" ಅಂದರೆ ಪೊರೆಯೋ ಪವರ್ ಬದಲಾವಣೆಯೋ ಇರಬಹುದು. "ನೊಣ ಹಾರಿದ ಹಾಗೆ, ಜೇಡರ ಬಲೆ, ಕೂದಲು ತೇಲಿದ ಹಾಗೆ" ಅಂತ ಹೊಸದಾಗಿ ಶುರುವಾದರೆ ಕಣ್ಣೊಳಗೆ ರಕ್ತ ಆಗಿರಬಹುದು. "ಬಾಗಿಲು ಸೊಟ್ಟ, ಗೆರೆ ಡೊಂಕು" ಅಂದರೆ ರೆಟಿನಾದ ನಡುಭಾಗ ಊದಿರಬಹುದು. "ಅರ್ಧ ಪರದೆ ಎಳೆದ ಹಾಗೆ" ಅಂದರೆ ರೆಟಿನಾ ಕಿತ್ತಿರಬಹುದು, ಇಲ್ಲ ನರಕ್ಕೆ ರಕ್ತ ನಿಂತಿರಬಹುದು. ಕೊನೇದಂತೂ ಅದೇ ದಿನ ತೋರಿಸಬೇಕಾದ್ದು. ಅಮ್ಮ ಹೇಳಿದ್ದನ್ನ ಚಿಕ್ಕದು ಮಾಡದೆ, ಹೇಳಿದ ಹಾಗೇ ಡಾಕ್ಟರಿಗೆ ದಾಟಿಸಿ.

ಇನ್ನು ನಿಮ್ಮ ವಿಷಯ. "ಮೇಡಂ, ಕಂಪನಿ ಹೆಲ್ತ್ ಚೆಕಪ್‌ನಲ್ಲಿ ಕಣ್ಣು ನೋಡಿದ್ದಾರೆ, ನಾರ್ಮಲ್ ಇದೆ" ಅಂತೀರ. ಅಲ್ಲಿ ಮಾಡೋದು ಸಾಮಾನ್ಯವಾಗಿ ಅಕ್ಷರ ಓದಿಸೋದು, ಬಣ್ಣದ ಚುಕ್ಕಿ ತೋರಿಸೋದು. ಕನ್ನಡಕದ ಅಂಗಡಿಯಲ್ಲಿ ನೋಡೋದು ಪವರ್. ಎರಡರಲ್ಲೂ ರೆಟಿನಾ ಕಾಣಲ್ಲ. ಮನೆ ಹೊರಗಿಂದ ಬಾಗಿಲಿಗೆ ಬಣ್ಣ ಚೆನ್ನಾಗಿದೆ ಅಂತ ನೋಡಿ ಬಂದ ಹಾಗೆ. ಒಳಗೆ ಸೋರ್ತಿದೆಯಾ ಅಂತ ನೋಡಬೇಕಂದ್ರೆ ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಕಾದು, ಪಾಪೆ ಹಿಗ್ಗಿದ ಮೇಲೆ ಹಿಂಭಾಗ ನೋಡಬೇಕು, ಇಲ್ಲ ಅದರ ಫೋಟೋ ತೆಗೀಬೇಕು. ನೋವಿಲ್ಲ. ನಾಲ್ಕೈದು ಗಂಟೆ ಹತ್ತಿರದ್ದು ಮಸುಕಾಗಿ ಕಾಣತ್ತೆ, ಬಿಸಿಲು ಕುಕ್ಕತ್ತೆ. ಆ ದಿನ ಬೈಕ್ ತರಬೇಡಿ, ಮಧ್ಯಾಹ್ನದ ಮೀಟಿಂಗ್ ಇಟ್ಕೋಬೇಡಿ.

ಹಾಗಾದ್ರೆ ಮಾಡಬೇಕಾದ್ದು ಏನು?

ಟೈಪ್ 2 ಡಯಾಬಿಟಿಸ್ ಅಂತ ಗೊತ್ತಾದ ವರ್ಷವೇ ಈ ಪರೀಕ್ಷೆ ಆಗಬೇಕು. ಗೊತ್ತಾಗುವ ಮೊದಲೇ ಎಷ್ಟು ವರ್ಷ ಇತ್ತೋ ಯಾರು ಕಂಡರು. ಆಮೇಲೆ ವರ್ಷಕ್ಕೊಂದು ಸಲ. ಹುಟ್ಟುಹಬ್ಬದ ತಿಂಗಳು ಅಂತ ಇಟ್ಕೊಳ್ಳಿ, ಮರೆಯಲ್ಲ. ಡಯಾಬಿಟಿಸ್ ಇರುವ ಹೆಣ್ಣುಮಕ್ಕಳು ಗರ್ಭಿಣಿಯಾಗುವ ಮೊದಲು, ಇಲ್ಲ ಆದ ಮೊದಲ ಮೂರು ತಿಂಗಳಲ್ಲೇ ಒಮ್ಮೆ ತೋರಿಸಿ.

ವಾರದ ಇಂಜೆಕ್ಷನ್, ಇನ್ಸುಲಿನ್, ಇಲ್ಲ ಬೇರಿಯಾಟ್ರಿಕ್ ಸರ್ಜರಿ, ಯಾವುದೇ ಇರಲಿ, ಶುರು ಮಾಡುವ ಮೊದಲು ಈ ಪರೀಕ್ಷೆ ಇತ್ತೀಚೆಗೆ ಆಗಿದೆಯಾ ನೋಡಿ. ರೆಟಿನಾ ಚೆನ್ನಾಗಿದ್ದರೆ ಧೈರ್ಯವಾಗಿ ಶುರು ಮಾಡಿ. ಸ್ವಲ್ಪ ರೆಟಿನೋಪತಿ ಇದ್ದರೂ ಔಷಧಿ ನಿಲ್ಲಿಸಬೇಕಿಲ್ಲ, ನಾನಾದರೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ನೋಡ್ತೀನಿ. ಜೋರಾಗಿದ್ದರೆ ಮೊದಲು ಕಣ್ಣಿಗೆ ಚಿಕಿತ್ಸೆ, ಜೊತೆಗೆ ಶುಗರ್ ಡಾಕ್ಟರ್ ಡೋಸನ್ನ ನಿಧಾನವಾಗಿ ಏರಿಸ್ತಾರೆ. ಇಬ್ಬರು ಡಾಕ್ಟರ್‌ಗಳೂ ಒಬ್ಬರಿಗೊಬ್ಬರ ಚೀಟಿ ನೋಡಬೇಕು, ಆ ಚೀಟಿ ದಾಟಿಸೋ ಕೆಲಸ ನಿಮ್ಮದು. ಎಚ್‌ಬಿಎ1ಸಿ 10ರ ಮೇಲಿದ್ದು, ಶುಗರ್ ಬಂದು ಬಹಳ ವರ್ಷ ಆಗಿದ್ದರೆ ಇದು ಇನ್ನೂ ಮುಖ್ಯ. ಬಿಪಿ ಕೂಡ ಹಿಡಿತದಲ್ಲಿರಲಿ, ರೆಟಿನಾಗೆ ಅದೂ ಅಷ್ಟೇ ಭಾರ.

ಫ್ರೆಂಡ್ ತಗೋತಿದ್ದಾನೆ ಅಂತ ಅದೇ ಡೋಸ್ ನೀವು ಶುರು ಮಾಡಬೇಡಿ. ಅವನ ರೆಟಿನಾ ಬೇರೆ, ನಿಮ್ಮದು ಬೇರೆ.

ಇವತ್ತು ನನ್ನ ಮಾತು ಕೇಳಿ ಹೆದರಿ ನಾಳೆ ಬೆಳಗ್ಗೆ ಔಷಧಿ ಬಿಡಬೇಡಿ, ಅಪ್ಪ ಅಮ್ಮನಿಗೂ ಬಿಡಿಸಬೇಡಿ. ಅನುಮಾನ ಬಂದರೆ ಬಿಡಬೇಕಾದ್ದು ಔಷಧಿಯಲ್ಲ, ಕಣ್ಣು ತೋರಿಸದೆ ಮುಂದೂಡೋ ಅಭ್ಯಾಸ.

ಊರಿನಲ್ಲಿರೋರಿಗೆ ಇದಕ್ಕಾಗಿ ದೊಡ್ಡ ಊರಿಗೇ ಬರಬೇಕು ಅಂತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇರತ್ತೆ. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಹೋದಾಗ "ಶುಗರ್ ಇದೆ, ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗ ನೋಡಿ" ಅಂತ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಜನಜಂಗುಳಿಯಲ್ಲಿ ಪವರ್ ನೋಡಿ ಕಳಿಸೋದೂ ಉಂಟು.

ಈ ಭಾನುವಾರ ಊರಿಗೆ ಫೋನ್ ಮಾಡ್ತೀರಲ್ಲ, "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಆದಮೇಲೆ ಇನ್ನೆರಡು ಕೇಳಿ. ಒಂದು, "ಡ್ರಾಪ್ಸ್ ಹಾಕಿ ಕಣ್ಣು ನೋಡಿ ಎಷ್ಟು ದಿನ ಆಯ್ತು?" ಎರಡು, "ಮಾತ್ರೆ ಚೀಟಿಯ ಫೋಟೋ ಕಳಿಸಿ." ಆಮೇಲೆ ಫೋನ್ ಇಟ್ಟು ಮೊದಲನೇ ಪ್ರಶ್ನೆಯನ್ನ ನಿಮಗೂ ಕೇಳಿಕೊಳ್ಳಿ. ಶುಗರ್ ಅಪ್ಪ ಅಮ್ಮನ ಕಾಯಿಲೆ ಅಂತ ನಾವಿನ್ನೂ ಅಂದುಕೊಂಡಿದ್ದೀವಿ, ನನ್ನ ಕುರ್ಚಿಯಲ್ಲಿ ಕೂರೋರ ವಯಸ್ಸು ಹಾಗೆ ಹೇಳ್ತಿಲ್ಲ.

ಪ್ರಶ್ನೆ ಇದ್ದರೆ ವಿಡಿಯೋ ಕೆಳಗೆ ಕನ್ನಡದಲ್ಲೇ ಬರೀರಿ. ಎಲ್ಲರದ್ದನ್ನೂ ಸೇರಿಸಿ ಮುಂದಿನ ಸಲ ಉತ್ತರ ಕೊಡ್ತೀನಿ. ಕಣ್ಣು ಜೋಪಾನ.